ಮಾಗಳದ ದಾರಿಗೆಂದು ಹಾಕಿದ ಏಳನೆಯ ಗೆರೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೊಟ್ಟೂರಿನ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೆ. ರಜೆ ಬಂದರೆ ಮೋಟಾರ್ ಸೈಕಲ್ಲಿನ ಮೇಲೆ ಕೋಗಳಿಗೋ ನೀಲಗುಂದಕ್ಕೋ ಒಬ್ಬನೇ ಹೋಗಿಬರುತ್ತಿದ್ದೆ. ಡಾಂಬರು ಮುಗಿದು ಬಂಡಿಜಾಡು ತೊಡಗುವಲ್ಲಿ ನನಗೆ ಸವಾರಿಯ ಸುಖ ತೊಡಗುತ್ತಿತ್ತು; ಹೆಂಡತಿಗೆ ಅಲ್ಲಿಂದಲೇ ಸೊಂಟನೋವು. ಮಾಗಳದ ಹೊಳೆ ನೋಡಲು ಅವಳು ಒಪ್ಪಿದ್ದು ಷರತ್ತಿನ ಮೇಲೆ.

"ಇದೊಂದು ಸಲ ಬರ್ತೀನಿ. ಸೊಂಟ ಹಿಡೀತೋ, ಮತ್ತ ಈ ಗಾಡಿ ಹತ್ತಂಗಿಲ್ಲ. ನಿಮ್ಮ ಹೊಳಿ ನೀವ ನೋಡ್ಕೊಳ್ರಿ."

ನನಗೆ ಅವಳ ಜೊತೆ ಬೇಕಾಗಿತ್ತು. ಹಿಂದಿನ ದಿನವೇ, ಕುಲುಕಾಟ ತಡೆಯುವ ಮುಂದಿನ ಫೋರ್ಕಿನ ಎಣ್ಣೆಯನ್ನು ಬದಲಿಸಿದೆ. ಕೆಲಸ ಕಠಿಣವಲ್ಲ. ಚಕ್ರದ ಇಕ್ಕೆಲದಲ್ಲಿ ಕಾಲುಗಳಂತೆ ನಿಂತ ಕೊಳವೆಗಳ ತಳದಲ್ಲಿ ಒಂದೊಂದು ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ ಕರ್ರಗಾದ ಹಳೆಯ ಎಣ್ಣೆಯನ್ನು ಇಳಿಸಿ, ಮೇಲಿನ ಮುಚ್ಚಳ ತೆಗೆದು ಹೊಸದನ್ನು ತುಂಬಬೇಕು. ನಮ್ಮೂರ ಮೆಕ್ಯಾನಿಕ್ಕನ ಅಳತೆ ಆಸ್ಪತ್ರೆಯ ಔಷಧದ ಬಾಟಲಿ. ಗುಟುಕಿಗೊಂದರಂತೆ ಗೆರೆಯುಳ್ಳ ಕಾಗದದ ಪಟ್ಟಿಯನ್ನು ಕಂಪೌಂಡರ್ ಅದಕ್ಕೆ ಅಂಟಿಸಿರುತ್ತಿದ್ದ. "ಒಂದೊಂದು ಕಾಲಿಗೆ ಆರು ಗೆರಿ, ಮಾಸ್ತರ್ರ" ಎಂದು ಅವನು ಹೇಳಿಕೊಟ್ಟಿದ್ದ. ನಾನು ಏಳು ಹಾಕಿದೆ. ಸಾಕೆಂದವರ ತಟ್ಟೆಗೂ ಇನ್ನೊಂದು ಸೌಟು ಬಡಿಸಿ ರೂಢಿಯಾದ ಮನೆತನ ನಮ್ಮದು. ಕೈ ಅಲ್ಲಿಯೂ ಹಾಗೆಯೇ ಓಡಿತು.

ಹಡಗಲಿಯವರೆಗೆ ತೊಂದರೆಯಿರಲಿಲ್ಲ. ಅಲ್ಲಿಂದ ಮುಂದೆ, ಎಳೆ ತೆನೆಯ ಜೋಳದ ನಡುವೆ ಹಾದಿ ಕೆಟ್ಟಿತು. ಎಣ್ಣೆಯ ಮೇಲೆ ಗಾಳಿಗೆ ಉಳಿಯಬೇಕಾದ ಜಾಗವನ್ನು ನಾನು ತುಂಬಿಬಿಟ್ಟಿದ್ದೆ. ಫೋರ್ಕ್ ಅರ್ಧ ಇಳಿದು ಕಲ್ಲಾಗುತ್ತಿತ್ತು. ಹೊಳೆಯ ದಂಡೆಯಲ್ಲಿ ಅವಳು ಸೊಂಟ ಒತ್ತಿಕೊಳ್ಳುತ್ತ ಇಳಿದಳು.

"ಮೆತ್ತಗ ಮಾಡೀನಿ ಅಂದಿದ್ರಿ?"

"ನಿನ್ನ ಸಲುವಾಗಿ ಒಂದು ಗೆರಿ ಜಾಸ್ತಿ ಹಾಕೀನಿ."

"ಗಾಡಿಗೇನು ಹೋಳಿಗಿ ಊಟ ಹಾಕ್ಸಿದ್ರೇನು? ಇನ್ನೊಂದು ಮೈಲಿ ಆಗಿದ್ರ ಸೊಂಟ ಹಿಡದ ಬಿಡ್ತಿತ್ತು. ತಗೀರಿ ಅದನ್ನ."

ಬಾಟಲಿ ಚೀಲದಲ್ಲಿಯೇ ಇತ್ತು. ಮೇಲಿನ ಮುಚ್ಚಳವನ್ನೂ ತಳದ ಸ್ಕ್ರೂವನ್ನೂ ನಾನು ಸಡಿಲಿಸಿದೆ. ಅವಳು ಕುಕ್ಕರಗಾಲಿನಲ್ಲಿ ಕೂತು ಬಾಟಲಿ ಹಿಡಿದಳು. ಎಣ್ಣೆ ಬಳೆಗಳ ಮೇಲೆ ಹರಿಯಿತು.

"ಗೆರಿಗೆ ಬಂತು, ಬಿಗೀರಿ! ಬಿಗೀರಿ ಅಂದ್ರ!"

ಇನ್ನೊಂದು ಕಾಲಿನಿಂದಲೂ ಅಷ್ಟೇ ಇಳಿಸಿ, ಮರಳಿನಿಂದ ಕೈ ತಿಕ್ಕಿಕೊಂಡು, ಬಂಡೆಗಳ ನಡುವೆ ಸಣ್ಣಗೆ ಹರಿಯುವ ನೀರನ್ನು ನೋಡುತ್ತ ರೊಟ್ಟಿ ತಿಂದೆವು.

ಹಿಂದಿರುಗುವಾಗ ಗಾಡಿ ತಗ್ಗುಗಳಲ್ಲಿ ತೂಗಿತೇ ಹೊರತು ಕುಟ್ಟಲಿಲ್ಲ. ಹಡಗಲಿಯಲ್ಲಿ ಕೊಟ್ಟೂರಿನ ಬಸ್ಸು ನಿಂತಿತ್ತು. ಬೇಕಾದರೆ ಅವಳು ಅದನ್ನು ಹತ್ತಲೆಂದು ನಾನೂ ನಿಲ್ಲಿಸಿದೆ. ಅವಳು ಇಳಿಯಲಿಲ್ಲ. "ಹಗರಿಬೊಮ್ಮನಹಳ್ಳಿ ತನಕ ನೋಡೂಣು" ಎಂದಳು.

ಆ ಊರಿನ ಬಸ್ ನಿಲ್ದಾಣ ಬಂದಾಗ, ಅದೇ ಬಸ್ಸು ಹಿಂದೆ ಬರುತ್ತಿರುವುದನ್ನು ಕಂಡು ನನ್ನ ಭುಜ ತಟ್ಟಿದಳು.

"ಸೊಂಟ ಹಿಡೀತೇನು?" ಎಂದೆ.

"ಇನ್ನೂ ಇಲ್ರಿ. ಹಿಡಿಯೂದ್ರಾಗ ಇಳೀತೀನಿ. ಹಿಡದ್ರ ಮುಂದಿನ ರಜಾದಾಗ ಕೋಗಳಿಗೆ ಹೆಂಗ ಬರ್ಲಿ?"

ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ನಾನು ಬಸ್ಸಿನ ಧೂಳು ಕುಡಿಯುತ್ತ ಕೊಟ್ಟೂರಿನವರೆಗೂ ಅದರ ಹಿಂದೆಯೇ ಬಂದೆ.