ಲೂಥರನ ತಲೆಗೆ ಸಿದ್ದಮ್ಮನ ಚಿಪ್ಪು

ಆಗೆಲ್ಲ ಬಿಳಿಗೆರೆಯ ನಮ್ಮ ಮನೆಗೆ ಕಣ್ಣು ಮುಚ್ಚಿಕೊಂಡೇ ಬರಬಹುದಿತ್ತು. ಕೊಬ್ಬರಿಯ ಕಂಪು, ಹಸಿ ಸಗಣಿ, ಹಂಡೆ ಒಲೆಯಲ್ಲಿ ಉರಿಯುವ ಚಿಪ್ಪಿನ ಹೊಗೆ ದಾರಿ ತೋರಿಸುತ್ತಿದ್ದವು. ಅಟ್ಟಕ್ಕೆ ಹಾಕಿದ ಕಾಯಿ ವರ್ಷದ ಹೊತ್ತಿಗೆ ಒಣಗಿ ಕೊಬ್ಬರಿಯಾಗುತ್ತಿತ್ತು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನಮಗೆ ಆಟ. ಒಳಗೆ ಲೊಡಲೊಡ ಅಂದರೆ ಗೆದ್ದಂತೆ, ನೀರು ಕುಲುಕಿದರೆ ಸೋತಂತೆ.

ಆ ವರ್ಷ ಕೊಬ್ಬರಿ ಸುಲಿಯುವ ದಿನಗಳಲ್ಲೇ ನಮ್ಮ ಒಂಬತ್ತನೇ ತರಗತಿಗೆ ಮಾರ್ಟಿನ್ ಲೂಥರನ ಪಾಠ ಬಂತು. ಸಮಾಜ ಪಾಠದ ಮೇಷ್ಟ್ರು ಪಾಠ ಓದಿಸುತ್ತಿರಲಿಲ್ಲ, ಆಡಿಸುತ್ತಿದ್ದರು. ಜರ್ಮನಿಯಲ್ಲಿ ಪಾಪಕ್ಕೆ ಕ್ಷಮೆಯ ಚೀಟಿ ಮಾರುತ್ತಿದ್ದರಂತೆ. ಅದು ತಪ್ಪು ಎಂದು ಒಬ್ಬ ಸನ್ಯಾಸಿ ತೊಂಬತ್ತೈದು ಮಾತು ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನಂತೆ. ಕೆಲವು ವರ್ಷದ ಮೇಲೆ ವರ್ಮ್ಸ್ ಎಂಬ ಊರಿಗೆ ಕರೆಸಿ, ಚಕ್ರವರ್ತಿಯ ಎದುರು ನಿಲ್ಲಿಸಿ, ಬರೆದದ್ದನ್ನು ಹಿಂದಕ್ಕೆ ತಗೋ ಅಂದರಂತೆ. ಅವನು ಒಂದು ದಿನ ಟೈಮ್ ಕೇಳಿದ. ಮಾರನೇ ದಿನ ಬಂದು ಆಗುವುದಿಲ್ಲ ಅಂದ.

"ಟೈಮ್ ಯಾಕ್ ಸಾರ್, ಹೆದರ್ಕಂಡ್ನಾ?" ಎಂದು ಮಂಜ ಕೇಳಿದ.

"ಹೆದರ್ಕಂಡಿದ್ದ ಕಣೋ. ಹೆದರಿಕೆ ಇಲ್ದೋನಿಗೆ ಟೈಮ್ ಯಾಕ್ ಬೇಕು?" ಅಂದರು ಮೇಷ್ಟ್ರು.

ಶಾಲೆಯ ಬಾಗಿಲಿಗೆ ಮೊಳೆ ಹೊಡೆಯಲು ಹೆಡ್‌ಮಾಸ್ಟರು ಬಿಡಲಿಲ್ಲ. ನಮ್ಮ ಅಟ್ಟದ ಮನೆಯ ಬಾಗಿಲು ಹಳೆಯದು, ಅಜ್ಜಿಯನ್ನು ಕೇಳಿದೆ. "ಹೊಡ್ಕಳ್ರಿ ಅತ್ಲಾಗೆ, ಕಾಯಿ ಮುಟ್ಬ್ಯಾಡ್ರಿ" ಅಂದಳು. ಶನಿವಾರ ಮಧ್ಯಾಹ್ನ ನಮ್ಮ ಅಂಗಳವೇ ಜರ್ಮನಿ ಎಂದಾಯಿತು. ಬಾಗಿಲು ನಮ್ಮದಾದ್ದರಿಂದ ಲೂಥರ್ ನಾನೇ ಎಂದು ಹಟ ಹಿಡಿದೆ.

"ಹುಡುಗಿ ಸನ್ಯಾಸಿ ಆಗಕ್ಕಾಯ್ತದಾ?" ಎಂದ ಮಂಜ.

"ನೀನು ಚಕ್ರವರ್ತಿ ಆಗಬೋದಾದ್ರೆ ನಾನೂ ಆಗಬೋದು ಕಣ್ಲಾ" ಅಂದೆ. ಮೇಷ್ಟ್ರು ನಕ್ಕುಬಿಟ್ಟರು. ಪಾತ್ರ ನನಗೆ ಸಿಕ್ಕಿತು. ಅವರು ಬರೆದುಕೊಟ್ಟ ಕೊನೆಯ ಉತ್ತರವನ್ನು ವಾರವಿಡೀ ಹೇಳಿಕೊಂಡು ತಿರುಗಿದೆ: "ಬರೆದದ್ದು ಬರೆದಾಯಿತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ." ಆ ಮಾತನ್ನು ಊರವರ ಮುಂದೆ ಹೇಳಬೇಕೆಂಬುದು ಬಿಟ್ಟರೆ ಬೇರೆ ಆಸೆ ಆ ವಾರ ನನಗಿರಲಿಲ್ಲ.

ಮಳೆಗೆ ಹೊದೆಯುವ ಗೋಣಿಕೊಪ್ಪೆ ಸನ್ಯಾಸಿಯ ಬಟ್ಟೆಯಾಯಿತು. ತೆಂಗಿನ ಗರಿ ಹೆಣೆದು ಮಂಜ ಕಿರೀಟ ಮಾಡಿಕೊಂಡ. ಆ ಕಾಲದ ಸನ್ಯಾಸಿಗಳು ನೆತ್ತಿ ಬೋಳಿಸುತ್ತಿದ್ದರಂತೆ, ಪುಸ್ತಕದ ಚಿತ್ರದಲ್ಲಿತ್ತು. ಬೋಳು ನೆತ್ತಿಗೆ ಚಿಪ್ಪೇ ಸರಿ ಎಂದು ಮಂಜನೇ ಹೇಳಿದ. ಮನೆ ತುಂಬ ಚಿಪ್ಪಿದ್ದರೂ ಎಲ್ಲಕ್ಕೂ ನಾರು, ಮುಳ್ಳುಮುಳ್ಳು. ಕೊಟ್ಟಿಗೆಯ ಗೋಡೆಗೂಡಿನಲ್ಲಿ ಮಾತ್ರ ಒಂದು ಬೋರಲಾಗಿರುತ್ತಿತ್ತು, ಕನ್ನಡಿಯಂತೆ ನುಣ್ಣಗೆ. ಅದನ್ನು ತಂದು ತಲೆಗೆ ಹಾಕಿ ದಾರ ಕಟ್ಟಿಕೊಂಡೆ.

ಅದು ಸಿದ್ದಮ್ಮನ ಚಿಪ್ಪು. ಅವರು ಊರಾಚೆಯ ಹಟ್ಟಿಯಿಂದ ನಮ್ಮ ಕೊಟ್ಟಿಗೆ ಕಸ ಗುಡಿಸಲು, ಸುಲಿದ ಮಟ್ಟೆ ಹೊರಲು ಬರುತ್ತಿದ್ದರು. ಅಜ್ಜಿ ಮೇಲಿನಿಂದ ಕಾಫಿ ಹುಯ್ಯುತ್ತಿದ್ದಳು, ಅವರು ಚಿಪ್ಪು ಒಡ್ಡಿ ಹಿಡಿಯುತ್ತಿದ್ದರು. ದಿನಾ ಕಾಣುತ್ತಿದ್ದೆ, ಗೋಡೆ ಕಂಡ ಹಾಗೆ.

ಆಟ ಚೆನ್ನಾಗಿ ಶುರುವಾಯಿತು. ಅಟ್ಟದ ಬಾಗಿಲಿಗೆ ಕಾಗದ ಇಟ್ಟು ಮೊಳೆ ಹೊಡೆದೆ. ಸುಲಿಯುವವರು ಮಚ್ಚು ಕೆಳಗಿಟ್ಟು ನೋಡಿದರು. ಚಕ್ರವರ್ತಿ ರಾಗಿ ಕಲ್ಲಿನ ಮೇಲೆ ಕೂತು, "ಹಿಂದಕ್ಕೆ ತಗೊಳ್ತೀಯೋ ಇಲ್ವೋ?" ಎಂದು ಗುಡುಗಿದ. ಒಂದು ದಿನ ಟೈಮ್ ಕೇಳಿ, ಬಾವಿ ಸುತ್ತಿ ಬಂದೆ. ಅದು ಮಾರನೇ ದಿನ. ಉತ್ತರ ಹೇಳಲು ಗೋಣಿಕೊಪ್ಪೆ ಹಿಂದಕ್ಕೆ ಸರಿಸಿದೆ.

ಕೊಟ್ಟಿಗೆ ಬಾಗಿಲಲ್ಲಿದ್ದ ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಯಾಕೆ ನಗುತ್ತಾರೆಂದು ಅಜ್ಜಿ ತಿರುಗಿದಳು. ನನ್ನ ತಲೆ ನೋಡಿದಳು.

"ಅಯ್ಯಯ್ಯೋ, ಗಿರ್ಜಿ! ಅದನ್ನ ತಲೆ ಮ್ಯಾಲೆ ಇಟ್ಕಂಡ್ಯೇನೇ? ಬಿಸಾಕೇ!"

"ಯಾಕಜ್ಜಿ? ತೊಳ್ದದ್ದೇ."

"ಮುಚ್ಚು ಬಾಯಿ. ಅದು ಯಾರ್ದು ಅಂತ ಗೊತ್ತಿಲ್ವಾ ನಿಂಗೆ?"

ಗೊತ್ತಾದದ್ದು ಆ ಕ್ಷಣಕ್ಕೆ. ಮೇಷ್ಟ್ರ ಕಡೆ ನೋಡಿದೆ. ಅವರು ಪುಸ್ತಕ ಮುಚ್ಚಿ, "ಇವತ್ತಿಗೆ ಸಾಕು, ಮಿಕ್ಕಿದ್ದು ಸೋಮವಾರ ನೋಡಣ" ಅಂದರು.

"ತಪ್ಪಾಯ್ತು ಅನ್ನು" ಅಂದಳು ಅಜ್ಜಿ.

ನನಗೆ ತೋಚಿದ್ದು ಒಂದೇ. "ಒಂದಿನ ಟೈಮ್ ಕೊಡಜ್ಜಿ" ಅಂದೆ.

ಮಂಜ ಕಿಸಕ್ಕೆಂದ. ಅಜ್ಜಿ ನಗಲಿಲ್ಲ. "ಟೈಮೂ ಇಲ್ಲ, ಗೀಮೂ ಇಲ್ಲ. ಯಾರೇ ಅದನ್ನ ಎತ್ಕೊಟ್ಟೋರು? ಸಿದ್ದಿ, ನೀನೇನಾ? ನಾಳಿಂದ ಈ ಕಡೆ ಬರಬ್ಯಾಡ."

"ನಾನಲ್ಲ ಕಣಮ್ಮೋರೆ" ಎಂದು ಸಿದ್ದಮ್ಮ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅಂದ್ಬುಡವ್ವ. ತಪ್ಪಾಯ್ತು ಅಂದ್ಬುಡು, ಹೋಗ್ಲಿ" ಅಂದರು.

"ನಾನೇ ತಗಂಡಿದ್ದು. ತಪ್ಪಾಯ್ತು" ಅಂದೆ.

ನಾನು ಬಿಚ್ಚಿ ಕೆಳಗಿಟ್ಟ ಚಿಪ್ಪನ್ನು ಅಜ್ಜಿ ಕೋಲಿನಿಂದ ತಳ್ಳಿಕೊಂಡು ಹೋಗಿ ಹಂಡೆ ಒಲೆಗೆ ಹಾಕಿದಳು. ಎಣ್ಣೆ ಕುಡಿದ ಚಿಪ್ಪು ಚಟಪಟ ಉರಿಯಿತು. ಆ ನೀರಿನಲ್ಲೇ ನನಗೆ ತಲೆಗೆ ಸ್ನಾನ.

ಬೆಳಿಗ್ಗೆ ಸಿದ್ದಮ್ಮ ಬಂದರು. ಅಜ್ಜಿ ಹೊಸ ಚಿಪ್ಪು ಎಸೆದಳು. ಅವರು ಕೊಟ್ಟಿಗೆಯ ಮೆಟ್ಟಿಲಲ್ಲಿ ಕೂತು ಗಾಜಿನ ಚೂರಿನಿಂದ ಅದರ ನಾರು ಹೆರೆಯುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಎಷ್ಟ್ ದಿನ ಬೇಕು ನುಣ್ಣಗಾಗಕ್ಕೆ?"

"ನಿನ್ನೆ ಸುಟ್ಟೋಯ್ತಲ್ಲ, ಅದು ನಿಮ್ಮಪ್ಪನ ಮದುವೆ ವರ್ಷದ್ದು ಕಣವ್ವ. ಉಜ್ಜಿ ಉಜ್ಜಿ ಆಗಿದ್ದು" ಅಂದರು. ಗಾಜಿನ ಚೂರು ಆಡಿಸುತ್ತಲೇ, "ನಿನ್ ತಲೆಗೆ ಸರಿಯಾಗ್ ಕೂತಿತ್ತು, ಅಲ್ವಾ?" ಎಂದು ನಕ್ಕರು.

ಸೋಮವಾರ ಮೇಷ್ಟ್ರು ಪಾಠ ಓದಿಸಿದರು. ಮಂಜ ಎದ್ದು ನಿಂತು ವರ್ಮ್ಸ್ ಸಭೆಯ ಭಾಗ ಓದಿದ. ಆಮೇಲೆ ಆ ತರಗತಿಯಲ್ಲಿ ಯಾವ ಪಾಠವನ್ನೂ ಆಡಲಿಲ್ಲ.

ಈಗ ಆ ಅಟ್ಟ ಇಲ್ಲ. ಕಾಯಿ ಶೀಟಿನ ಶೆಡ್ಡಿನಲ್ಲಿ ಒಣಗುತ್ತದೆ. ಕೆಲಸದವರಿಗೂ ಮನೆಯವರಿಗೂ ಕಾಫಿ ಒಂದೇ ಥರದ ಪೇಪರ್ ಲೋಟದಲ್ಲಿ ಬರುತ್ತದೆ, ಕುಡಿದು ಎಲ್ಲರೂ ಒಂದೇ ಗುಂಡಿಗೆ ಎಸೆಯುತ್ತಾರೆ. ಹಳೆಯ ಬಾಗಿಲು ಶೆಡ್ಡಿಗೆ ಒರಗಿದೆ, ನಾನು ಹೊಡೆದ ಮೊಳೆ ತುಕ್ಕು ಹಿಡಿದು ಹಾಗೇ ಇದೆ. ಊರಿಗೆ ಹೋದಾಗ ಈಗಲೂ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ.

ಅಜ್ಜಿ ಹೋದಳು, ಮೇಷ್ಟ್ರು ಹೋದರು, ಸಿದ್ದಮ್ಮನೂ ಹೋದರು. ಲೂಥರನ ಉತ್ತರ ನನಗೆ ಇವತ್ತಿಗೂ ಬಾಯಿಪಾಠ ಇದೆ. ಕೇಳುವವರು ಯಾರೂ ಉಳಿದಿಲ್ಲ.