ಅಕ್ಕನ ಗಿಟಾರಿಗೆ ಶೇಂಗಾ ಎಣ್ಣೆ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನಮ್ಮ ಮನೆಯಲ್ಲಿ ಅಪ್ಪನಿಗೆ ಎದುರಾಡುವವರೇ ಇರಲಿಲ್ಲ. ಅಪ್ಪ ಹೊಡೆಯುವವರೇನಲ್ಲ, ಬಲು ಒಳ್ಳೆಯವರು. ಆದರೂ ಅವರೆದುರು ಯಾರಿಗೂ ಬಾಯಿ ಏಳುತ್ತಿರಲಿಲ್ಲ. ಧಾರವಾಡದಿಂದ ಪುಣೆಗೆ ಬಂದು ಸದಾಶಿವ ಪೇಠದ ಒಂದು ವಾಡೆಯಲ್ಲಿ, ನಾಲ್ಕಾರು ಸಂಸಾರಗಳಿದ್ದ ಹಳೆಯ ದೊಡ್ಡ ಮನೆಯಲ್ಲಿ, ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು.

ಅಕ್ಕನ ಹತ್ತಿರ ಹಳೆಯ ಗಿಟಾರ್ ಒಂದಿತ್ತು. ನುಡಿಸುವಾಗ ಎಡಗೈ ಓಡಾಡುವ ಅದರ ಉದ್ದ ಕುತ್ತಿಗೆಯ ಪಾಲಿಶ್ ಸವೆದು, ಬೆವರು ಕುಡಿದು ಕಪ್ಪಾಗಿ, ಹೆಬ್ಬೆರಳು ಅಂಟಿಕೊಳ್ಳುತ್ತಿತ್ತು. ದಸರೆ ಮುಗಿದ ಮರುದಿನ ಕಾಲೇಜಿನ ವಾದ್ಯವೃಂದಕ್ಕೆ ಆಯ್ಕೆ. ಹುಡುಗಿಯರಲ್ಲಿ ಹೆಸರು ಕೊಟ್ಟವಳು ಅಕ್ಕ ಒಬ್ಬಳೇ. ಅದಕ್ಕೇ ತಂತಿ ಬಿಚ್ಚಿ, ನಯವಾದ ಪಾಲಿಶ್ ಪೇಪರಿನಿಂದ ತಿಕ್ಕಿ ತಿಕ್ಕಿ ಬೋಳು ಮರ ಕಾಣುವಂತೆ ಮಾಡಿದಳು. ಮನೆತುಂಬ ಮರದ ವಾಸನೆ, ನನ್ನ ಜಡೆಯಲ್ಲೂ ಪುಡಿ! ಹೊಸ ಪಾಲಿಶ್ ಹಚ್ಚಲೆಂದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಾಟಲಿಯಲ್ಲಿ ಇಟ್ಟಿದ್ದಳು. ಪೂಜೆ ಮುಗಿದ ಮೇಲೆ ತೆಳ್ಳಗೆ ಹಚ್ಚಿ ಒಣಗಿಸಿದರೆ ಆಯಿತು.

ಅಂದು ಖಂಡೇನವಮಿ, ಮನೆಯ ಉಪಕರಣಗಳಿಗೆಲ್ಲ ಪೂಜೆ. ಅಪ್ಪ ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಸೈಕಲ್ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ ಸಾಲಾಗಿ ಇಟ್ಟರು. ಕಡೆಗೆ ಗಿಟಾರ್ ಎತ್ತಿಕೊಂಡರು.

"ಎಷ್ಟ ಒಣಗ್ಯದ ನೋಡು ಪಾಪ! ಎಣ್ಣೀನ ಕಂಡಿಲ್ಲ ಇದು."

ಅಯ್ಯೋ, ಶೇಂಗಾ ಎಣ್ಣೆ! ಅಂಗೈತುಂಬ ಸುರಿದುಕೊಂಡು, ಕೂಸಿಗೆ ತಿಕ್ಕುವ ಹಾಗೆ ಪ್ರೀತಿಯಿಂದ ತಿಕ್ಕಿದರು. ಬೋಳು ಮರ ಅಷ್ಟನ್ನೂ ಕುಡಿಯಿತು. ಮೇಲೆ ಅರಿಷಿಣ, ಕುಂಕುಮ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು.

"ಛಂದ ಆತಿಲ್ಲೇನವಾ?" ಎಂದು ಅಪ್ಪ ಅವಳನ್ನು ಕೇಳಿದರು.

"ಹೌದ್ರಿ ಅಪ್ಪಾ," ಎಂದಳು.

ಮಧ್ಯಾಹ್ನವಿಡೀ ಸ್ಪಿರಿಟ್ ಹಾಕಿ ಒರೆಸಿದಳು, ಮತ್ತೆ ತಿಕ್ಕಿದಳು. ಏನು ಮಾಡಿದರೂ ಎಣ್ಣೆ ಬಿಡಲಿಲ್ಲ. ಹಚ್ಚಿದ ಪಾಲಿಶ್ ಒಣಗದೆ ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಉಳಿಯಿತು. ಆಯ್ಕೆಯ ದಿನ ಅದನ್ನೇ ಹೊತ್ತುಕೊಂಡು ಹೋದಳು. ಕೈ ಓಡಲಿಲ್ಲ. ಆಯ್ಕೆ ಮಾಡುವವರು ಅರ್ಧಕ್ಕೇ ಸಾಕು ಅಂದರಂತೆ.

ಸಂಜೆ ಅಪ್ಪ, "ಹೆಂಗಾತವಾ?" ಎಂದರು.

"ನನ್ನ ಕೈನ ಸರಿ ಇರಲಿಲ್ರಿ," ಎಂದಳು ಅಕ್ಕ.

ಅಪ್ಪ ಪಾಪ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಬೆರಳುಗಳಿಗೂ ಎಣ್ಣೆ ತಿಕ್ಕಿದರು. ಆಗ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಯಾಕೆ ಅತ್ತಳೆಂದು ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಇದೇ ಪುಣೆಯ ಮಗರಪಟ್ಟಾದ ನಿಮ್ಮ ಫ್ಲ್ಯಾಟಿನಲ್ಲಿ ಖಂಡೇನವಮಿಯ ದಿನ ನಾನು ಕುಂಕುಮದ ಬಟ್ಟಲು ಹಿಡಿದು ಲ್ಯಾಪ್‌ಟಾಪ್ ಕಡೆ ಹೊರಟರೆ ಸಾಕು, "ಅಜ್ಜೀ, ಬ್ಯಾಡ! ಮುಟ್ಟಬ್ಯಾಡ!" ಎಂದು ಇಬ್ಬರೂ ಕಿರುಚುತ್ತೀರಿ. ಹಿರಿಯರ ಮೇಲೆ ಹಾಗೆಲ್ಲ ಕೂಗಬಾರದೆಂದು ನಿಮ್ಮ ಅಮ್ಮ ಗದರುತ್ತಾಳೆ. ಅವಳು ಗದರಲಿ ಬಿಡಿ. ನೀವು ಕೂಗಿ ಮಕ್ಕಳೇ, ನನಗೆ ಕೇಳುವಷ್ಟು ಜೋರಾಗಿ ಕೂಗಿ.