ಕೊನೇ ಪಂಕ್ತಿಯ ಸಾರು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೆಳಗ್ಗೆ ಮನೆಮನೆಗೆ ಹಾಲು ಹಾಕಿ, ಯಲಹಂಕದಲ್ಲಿ ಬಸ್ಸು ಹಿಡಿದು, ಅಕೌಂಟೆನ್ಸಿಯನ್ನು ಎರಡೆರಡು ಸಲ ಬರೆದು ಪಡೆದ ಬಿ.ಕಾಂ. ಅದು. ಹಾಗಾಗಿ ನನ್ನ ರಿಸೆಪ್ಷನ್ನಿನ ಊಟದ ಲೆಕ್ಕ ನಾನೇ ಹಾಕುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಅಪ್ಪ ಮಾತ್ರ, "ಸಾರು ಜಾಸ್ತಿ ಇರ್ಲಿ ಕಣಮ್ಮಾ," ಎಂದರು.

ಅಪ್ಪನ ಸಾರಿನ ಚಿಂತೆಗೆ ನನಗಿಂತ ವಯಸ್ಸು ಹೆಚ್ಚು. ಅವರ ಮದುವೆಯಲ್ಲಿ ಕೊನೇ ಪಂಕ್ತಿಗೆ ಸಾರು ಮುಗಿದುಹೋಗಿತ್ತಂತೆ. ಆ ಪಂಕ್ತಿಯಲ್ಲಿ ಬೇರೆ ಯಾರಾದರೂ ಕೂತಿದ್ದರೆ ಊರು ಮರೆಯುತ್ತಿತ್ತು. ಕೂತಿದ್ದದ್ದು ಅಪ್ಪನ ಸ್ವಂತ ಅಕ್ಕ, ಪುಟ್ಟೇನಹಳ್ಳಿಯ ನಮ್ಮತ್ತೆ. ಅಂದಿನಿಂದ ಅಟ್ಟೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಅವರು ತಟ್ಟೆ ಮುಂದೆ ಕೂತು ಮೊದಲು ಕೇಳುವುದು ಒಂದೇ: "ಸಾರೈತೇನೋ, ಇಲ್ಲಾ ಅವತ್ತಿನಂಗೇನೋ?" ನಾಮಕರಣದಲ್ಲೂ ಇದೇ, ತಾತನ ತಿಥಿಯಲ್ಲೂ ಇದೇ. ಅಪ್ಪ ನಗುತ್ತಿದ್ದರು, ಆದರೆ ಕಿವಿ ಕೆಂಪಾಗುತ್ತಿತ್ತು. ಮಗಳ ರಿಸೆಪ್ಷನ್ನಿನಲ್ಲಾದರೂ ಅಕ್ಕನ ಬಾಯಿ ಮುಚ್ಚಿಸಬೇಕು ಎನ್ನುವುದೊಂದೇ ಅವರ ಆಸೆ.

ಅಡುಗೆ ಕಂಟ್ರಾಕ್ಟರು ರುಚಿ ನೋಡಲು ನಮ್ಮನ್ನು ಕರೆದದ್ದು ಹೆಬ್ಬಾಳದ ಒಂದು ಛತ್ರಕ್ಕೆ. ಅಲ್ಲಿ ಯಾರದೋ ರಿಸೆಪ್ಷನ್. ಮುಂದಿನ ಮದುವೆಯವರು ಇಂದಿನ ಮದುವೆಯವರ ಊಟ ಉಂಡು ನೋಡುವುದು ಅವರ ಕಸುಬಿನ ಪದ್ಧತಿ. ಹಿಂದಿನ ಬಾಗಿಲಿಂದ ಬಂದು, ಮೂಲೆಯ ಟೇಬಲ್ಲಿನಲ್ಲಿ ಕೂತು, ಉಂಡು, ಸದ್ದಿಲ್ಲದೆ ಹೊರಡಿ ಎಂದಿದ್ದರು. ಎಲೆ ಹಾಕಿ ಉಪ್ಪು ಬಡಿಸುವಷ್ಟರಲ್ಲಿ ಅಪ್ಪ ಎದ್ದು ನಿಂತರು.

"ಮುಯ್ಯಿ ಮಾಡ್ದೆ ಎಂಗಮ್ಮಾ ಉಣ್ಣೋದು?"

ನಾವು ಗಿರಾಕಿಗಳು, ನೆಂಟರಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮದುವೆಮನೆಯಲ್ಲಿ ಕವರು ಕೊಡದೆ ಕೈ ತೊಳೆದವರು ನಮ್ಮ ಮನೆಯಲ್ಲಿ ಯಾರೂ ಇಲ್ಲವಂತೆ. ಪಕ್ಕದ ಅಂಗಡಿಯಿಂದ ಕವರು ತಂದು, ಅಮ್ಮನನ್ನೂ ನನ್ನನ್ನೂ ಸಾಲಿನಲ್ಲಿ ನಿಲ್ಲಿಸಿ ಸ್ಟೇಜು ಹತ್ತಿಸಿದರು. ಫೋಟೋದವನು ನನ್ನನ್ನು ಮದುಮಗಳ ಪಕ್ಕಕ್ಕೆ ತಳ್ಳಿ ನಗಲು ಹೇಳಿದ. ಗಂಡಿನವರು ನಮ್ಮನ್ನು ಹೆಣ್ಣಿನ ಕಡೆಯವರೆಂದುಕೊಂಡರು, ಹೆಣ್ಣಿನವರು ಗಂಡಿನ ಕಡೆಯವರೆಂದುಕೊಂಡರು. ಹೆಣ್ಣಿನ ತಂದೆ ಅಪ್ಪನ ಕೈ ಹಿಡಿದು, ಊಟ ಮಾಡದೆ ಹೋಗಲೇಬಾರದು ಎಂದು ಒತ್ತಾಯಿಸಿದರು. ಅಪ್ಪ ಕರಗಿಹೋದರು. ಆ ದಿನಗಳಲ್ಲಿ ತರಕಾರಿಗೆ ಹೋದರೂ ನನ್ನ ಲಗ್ನಪತ್ರಿಕೆ ಅವರ ಚೀಲದಲ್ಲಿರುತ್ತಿತ್ತು. ಒಂದನ್ನು ತೆಗೆದು, "ಮನೆಮಂದಿಯೆಲ್ಲಾ ಬರ್ಬೇಕು," ಎಂದು ಕೊಟ್ಟುಬಿಟ್ಟರು.

ಆಮೇಲೆ ಊಟ. ಬೇಬಿ ಕಾರ್ನ್ ಮಂಚೂರಿಯನ್ನು ಅಪ್ಪ, ಬಲಿಯುವ ಮೊದಲೇ ಕಿತ್ತ ಜೋಳ, ಪಾಪ, ಎಂದು ಬದಿಗಿಟ್ಟರು. ಸಾರನ್ನು ಮೂರು ಸಲ ಹಾಕಿಸಿಕೊಂಡರು.

ನನ್ನ ರಿಸೆಪ್ಷನ್ನಿನ ದಿನ ಛತ್ರದ ಮುಂದೆ ಮಿನಿ ಬಸ್ಸಿನಂಥ ಒಂದು ಟಿಟಿ ಗಾಡಿ ನಿಂತಿತು. ಇಳಿದವರು ಹೆಬ್ಬಾಳದವರು, ಅಜ್ಜಿಯಿಂದ ಹಿಡಿದು ಹೊಸ ಅಳಿಯನವರೆಗೆ. ಮುಯ್ಯಿ ಪಡೆದ ಮೇಲೆ ತಿರುಗಿ ಮುಯ್ಯಿ ಮಾಡದೆ ಬಿಡುವ ಜನ ಅವರೂ ಅಲ್ಲ. ಇವರು ನಿಮ್ಮ ಕಡೆಯವರಾ ಎಂದು ಪಕ್ಕದಲ್ಲಿದ್ದ ಗಂಡ ಕೇಳಿದರು. ಹೂಂ ಎಂದೆ. ಬೇರೇನು ಹೇಳಲಿ?

ಹೋಳಿಗೆ ಮುಗಿಯಿತು. ಮಂಚೂರಿ ಮುಗಿಯಿತು. ಐಸ್‌ಕ್ರೀಮಿನ ಡಬ್ಬಿ ಕೆರೆಯುವ ಸದ್ದು ಸ್ಟೇಜಿನವರೆಗೂ ಕೇಳಿಸಿತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಟಿಟಿ ಗಾಡಿ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ.

ಮದುಮಕ್ಕಳ ಊಟ ಕೊನೇ ಪಂಕ್ತಿಯಲ್ಲೇ ತಾನೆ. ನಮ್ಮ ಪಕ್ಕದ ಎಲೆಗೆ ಪುಟ್ಟೇನಹಳ್ಳಿಯ ಅತ್ತೆ ಬಂದು ಕೂತರು. ಹಸಿವಿಲ್ಲ ಎನ್ನುತ್ತಾ ಹಿಂದಿನ ಪಂಕ್ತಿಗಳನ್ನೆಲ್ಲ ಬೇಕೆಂದೇ ಬಿಟ್ಟು ಕಾದಿದ್ದರು. ಅನ್ನ ಬಿದ್ದಿತು. ನಡುವೆ ಗುಳಿ ಮಾಡಿ, ಅಪ್ಪನ ಮುಖ ನೋಡಿ, "ಎಲ್ಲೋ ಸಾರು?" ಎಂದರು.

ಅಪ್ಪ ಒಳಗೆ ಹೋಗಿ ಬಕೆಟ್ಟು ಹಿಡಿದು ಬಂದರು. ಹಿಂದೆ ಇನ್ನೊಂದು ಬಕೆಟ್ಟಿನೊಂದಿಗೆ ಕಂಟ್ರಾಕ್ಟರು. ನನಗೆ ಹೇಳದೆ ಎರಡು ಹಂಡೆ ಸಾರು ಹೆಚ್ಚಿಗೆ ಮಾಡಿಸಿದ್ದರು ಅಪ್ಪ. ಒಂದು ಸೌಟು, ಇನ್ನೊಂದು, ಮತ್ತೊಂದು. ಗುಳಿ ತುಂಬಿ, ಎಲೆ ತುಂಬಿ, ಸಾರು ನನ್ನ ಗಂಡನ ರೇಷ್ಮೆ ಪಂಚೆಯ ಕಡೆ ಹೊರಟಿತು. ಅತ್ತೆ ಎರಡೂ ಕೈ ಎಲೆಗೆ ಅಡ್ಡ ಹಿಡಿದರು.

"ಸಾಕು ಕಣೋ."

"ಏನಂದೆ ಅಕ್ಕಾ? ಇನ್ನೊಂದ್ ಸಲ ಯೋಳು."

"ಸಾಕು ಅಂದ್ನಲ್ಲೋ, ಸೀರೆ ಮೇಲೆ ಬೀಳ್ತೈತೆ."

ಅಪ್ಪ ಸೌಟು ಕೆಳಗಿಳಿಸಲಿಲ್ಲ. ಇಡೀ ಪಂಕ್ತಿಗೆ ಕೇಳುವಂತೆ ಮೂರನೇ ಸಲ ಹೇಳಿಸಿಕೊಂಡ ಮೇಲೇ ಮುಂದಿನ ಎಲೆಗೆ ಹೋದರು.